ಹಳದಿ ಹೌಸಿನ ಹೊಸ ಹೆಸರು

ಹೊಸ ಜೆರ್ಸಿಗಳ ಪೊಟ್ಟಣ ಒಡೆದಾಗ ಬಂದದ್ದು ಬಣ್ಣದ ವಾಸನೆಯೋ ಪ್ಲಾಸ್ಟಿಕ್ಕಿನದೋ, ಸರಿಯಾಗಿ ಹೇಳಲಾರೆ. ಬಟ್ಟೆಯ ಮೇಲೆ ಬಿಸಿ ಒತ್ತಿ ಚಿತ್ರ ಮೂಡಿಸಿದ್ದರಂತೆ. ಅದರ ಘಾಟು ಇನ್ನೂ ಆರಿರಲಿಲ್ಲ. ಕುವೈತಿನ ಫರ್ವಾನಿಯಾದ ಈ ಫ್ಲ್ಯಾಟಿನ ಹಾಲಿನಲ್ಲಿ ಮಗಳು ಒಂದೊಂದೇ ಜೆರ್ಸಿ ತೆಗೆದು ಸೋಫಾದ ಮೇಲೆ ಹರಡುತ್ತಿದ್ದಳು. ನನ್ನ ಮೊಮ್ಮಗಳು ಶುಕ್ರವಾರಗಳಂದು ಫುಟ್‌ಬಾಲ್ ಆಡುವ ಹುಡುಗಿಯರ ಟೀಮಿನಲ್ಲಿದ್ದಾಳೆ. ಮಗಳು ಆ ಟೀಮಿನ ಉಸ್ತುವಾರಿ. ಜೆರ್ಸಿಯ ಎದೆಯ ಮೇಲೆ ಗರಿಗಳ ಕಿರೀಟ ತೊಟ್ಟು ಹಲ್ಲು ಕಚ್ಚಿದ ಒಂದು ಮುಖ. ಅದರ ಕೆಳಗೆ ದೊಡ್ಡದಾಗಿ ‘ಅಪಾಚೆಸ್’.

ಜೆರ್ಸಿ ಬಂದ ದಿನವೇ ಪೇರೆಂಟ್ಸ್ ಗ್ರೂಪಿನಲ್ಲಿ ತಕರಾರು ಎದ್ದಿತು. ಅಪಾಚೆಗಳು ಕಥೆಯೊಳಗಿನವರಲ್ಲ, ಅಮೆರಿಕದಲ್ಲಿ ಇವತ್ತಿಗೂ ಬದುಕಿರುವ ಜನ, ಅವರ ಮುಖವನ್ನು ನಮ್ಮ ಮಕ್ಕಳ ಎದೆಗೆ ಗೊಂಬೆಯ ಹಾಗೆ ಅಂಟಿಸುವುದು ಸರಿಯಲ್ಲ ಎಂದು ಒಬ್ಬ ತಾಯಿ ಬರೆದಿದ್ದಳು. ಇದರಲ್ಲಿ ಇನ್ಸಲ್ಟ್ ಎಲ್ಲಿದೆ, ಇದು ಆನರ್, ಯುದ್ಧ ಮಾಡಿದವರ ಹೆಸರನ್ನಲ್ಲದೆ ಇನ್ಯಾರ ಹೆಸರನ್ನು ಟೀಮಿಗೆ ಇಡುತ್ತಾರೆ ಎಂದು ಒಬ್ಬ ತಂದೆಯ ಉತ್ತರ. ಮಗಳು ಇದನ್ನೆಲ್ಲ ನನಗೆ ಓದಿ ಹೇಳುತ್ತಿದ್ದರೆ ಮೊಮ್ಮಗಳು ತಲೆ ಎತ್ತದೆಯೇ, “ಗ್ರ್ಯಾನಿ, ಇಟ್ಸ್ ಜಸ್ಟ್ ಎ ನೇಮ್” ಎಂದಳು.

ಜಸ್ಟ್ ಎ ನೇಮ್... ಆ ಘಾಟು ಮೂಗಿಗೆ ಹತ್ತುತ್ತಿದ್ದ ಹಾಗೆ ನನ್ನ ಕಣ್ಣೆದುರು ಬಂದದ್ದು ನಮ್ಮ ಶಾಲೆಯ ಸ್ಟಾಫ್ ರೂಮು, ನೆಲದ ಮೇಲೆ ಹಾಸಿದ್ದ ಹಳದಿ ಬಟ್ಟೆಯ ಬ್ಯಾನರು, ಅದರ ಮೇಲೆ ಒಣಗುತ್ತಿದ್ದ ಎನಾಮೆಲ್ ಪೇಂಟು. ಮತ್ತು ಪಿ.ಟಿ. ಮಿಸ್.

ಅವರ ಮೇಲೆ ನನಗೆ ಹೊಟ್ಟೆಕಿಚ್ಚು. ‘ಇತ್ತು’ ಎಂದು ಬರೆಯಬೇಕಿತ್ತೇನೋ. ಈ ವಯಸ್ಸಿನಲ್ಲಿ ಸುಳ್ಳು ಯಾಕೆ.

ಇರಾಕಿನ ಜೊತೆಗಿನ ಯುದ್ಧ ಮುಗಿದು, ಊರಿಗೆ ಓಡಿಹೋಗಿದ್ದವರೆಲ್ಲ ಒಬ್ಬೊಬ್ಬರಾಗಿ ಕುವೈತಿಗೆ ಮರಳಿ, ಇಂಡಿಯನ್ ಶಾಲೆಗಳು ಮತ್ತೆ ತುಂಬತೊಡಗಿದ್ದ ವರ್ಷಗಳು ಅವು. ನಾನು ಇಂಗ್ಲಿಷ್ ಟೀಚರ್. ಮನೆಯ ಮಾತು ಕೊಂಕಣಿ, ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ. ನಮಗೆ ಲೆಟರ್ ರೈಟಿಂಗ್ ಕಲಿಸಿದ ಸಿಸ್ಟರ್ ಒಂದೇ ಒಂದು ಕಾಮಾ ತಪ್ಪಿದರೂ ಇಡೀ ಪುಟ ಹರಿದು ಕೊಡುತ್ತಿದ್ದರು. ಹಾಗಾಗಿ ನಮ್ಮ ಕಟ್ಟಡದಲ್ಲಿ ಯಾರಿಗೆ ಇಂಗ್ಲಿಷಿನಲ್ಲಿ ಕಾಗದ ಬೇಕಾದರೂ, ವೀಸಾ ಕೊಟ್ಟ ಧಣಿ ಕಫೀಲನಿಗಿರಲಿ, ಎಂಬೆಸಿಗಿರಲಿ, ತಟ್ಟುತ್ತಿದ್ದುದು ನನ್ನ ಬಾಗಿಲನ್ನೇ. ಅದು ನನ್ನ ಒಂದು ಹೆಮ್ಮೆ. ಇನ್ನೊಂದು ಹೆಮ್ಮೆ ಹಳದಿ ಹೌಸು. ಶಾಲೆಯ ಮಕ್ಕಳನ್ನು ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ಹೌಸುಗಳಾಗಿ ಹಂಚಿ ಸ್ಪೋರ್ಟ್ಸ್ ಡೇ ದಿನ ಪೈಪೋಟಿ ನಡೆಸುತ್ತಿದ್ದರು. ಹಳದಿಗೆ ನಾನು ಹೌಸ್ ಮಿಸ್ಟ್ರೆಸ್. ಪ್ರತಿ ವರ್ಷವೂ ನಾಲ್ಕನೇ ಸ್ಥಾನ, ಆದರೂ ನನ್ನದು. ಹನ್ನೊಂದು ವರ್ಷದ ನನ್ನ ಒಬ್ಬಳೇ ಮಗಳೂ ಹಳದಿಯಲ್ಲೇ ಇದ್ದಳು.

ಪಿ.ಟಿ. ಮಿಸ್ ನಮ್ಮ ಕೆಳಗಿನ ಮಹಡಿಗೆ ಬಾಡಿಗೆಗೆ ಬಂದರು. ಗಂಡ ಒಂದು ಕಂಟ್ರಾಕ್ಟ್ ಕಂಪೆನಿಯಲ್ಲಿ ಫೋರ್‌ಮನ್. ಮಕ್ಕಳಿರಲಿಲ್ಲ. ಎತ್ತರದ ನಿಲುವು, ಗಿಡ್ಡ ಕೂದಲು, ಕೊರಳಲ್ಲಿ ಸದಾ ಸೀಟಿ. ಯಾವ ಊರೆಂದು ಮೊದಲ ದಿನ ಸ್ಟಾಫ್ ರೂಮಿನಲ್ಲಿ ಕೇಳಿದಾಗ, ಕೊಡಗು ಎಂದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನು ನಾವೇ ತುಂಬಿಕೊಂಡೆವು: ಬಂದೂಕು, ಸೊಂಟದ ಕತ್ತಿ, ಸೈನ್ಯದ ಜನರಲ್‌ಗಳು, ಹಾಕಿ. ಮರುದಿನದಿಂದ ಅವರು ಎಲ್ಲರ ಬಾಯಲ್ಲೂ ಕೂರ್ಗ್ ಮಿಸ್. ಅವರು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಒಪ್ಪುತ್ತೀರಾ ಎಂದು ಕೇಳಿದವರಾದರೂ ಯಾರು?

ಮರಳಿನ ಗ್ರೌಂಡಿನಲ್ಲಿ ಅವರು ಮುರುಕು ಸ್ಟಿಕ್ಕುಗಳಿಗೆ ಟೇಪು ಸುತ್ತಿ ಹುಡುಗಿಯರಿಗೆ ಹಾಕಿ ಕಲಿಸಿದರು. ನನ್ನ ಕ್ಲಾಸಿನಲ್ಲಿ ಆಕಳಿಸುತ್ತಿದ್ದ ಹುಡುಗಿಯರು ಅವರ ಪೀರಿಯಡ್ ಬಂತೆಂದರೆ ಎದ್ದು ಓಡುತ್ತಿದ್ದರು. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ನನ್ನ ಮಗಳು... ಮೊದಲು ಶೂ ಲೇಸಿಗೆ ಅವರ ಹಾಗೆ ಎರಡು ಗಂಟು ಹಾಕತೊಡಗಿದಳು. ಆಮೇಲೆ ಕೂದಲು ಗಿಡ್ಡ ಮಾಡಿಸಬೇಕೆಂದು ಹಟ. ಶಾಲೆಯಿಂದ ಬಂದವಳು ಬ್ಯಾಗ್ ಎಸೆದು ಕೆಳಗಿನ ಮನೆಗೆ ಇಳಿದರೆ ಕತ್ತಲಾಗುವ ತನಕ ಅಲ್ಲೇ. ಅವರು ಇವಳನ್ನು ‘ಕುಂಞಿ’ ಎಂದು ಕರೆಯುತ್ತಿದ್ದರು. ಅವರ ಕಡೆ ಮಗುವನ್ನು ಹಾಗೆ ಅನ್ನುತ್ತಾರಂತೆ. ಅಕ್ಕಿ ತರಿಯ ಉಂಡೆ ಕಡಂಬಿಟ್ಟು ಮಾಡಿ ತಿನ್ನಿಸುತ್ತಿದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಿದ್ದ ಹುಡುಗಿಯ ಬಾಯಲ್ಲಿ ಕನ್ನಡ ಬಂದದ್ದು ಆ ಅಡುಗೆಮನೆಯಿಂದ. ಒಂದು ದಿನ ನಾನು ಬಿಸಿ ಚಪಾತಿ ಬಡಿಸುತ್ತಿದ್ದಾಗ, “ಸಾಕು ಮಮ್ಮಾ, ಮಿಸ್ ಮನೇಲಿ ಉಂಡೆ” ಎಂದು ಅಚ್ಚ ಕನ್ನಡದಲ್ಲಿ ಹೇಳಿದಳು. ಚಪಾತಿಯನ್ನು ತಟ್ಟೆಗೆ ಹಾಕಬೇಕೋ ವಾಪಸು ತವಾಕ್ಕೆ ಹಾಕಬೇಕೋ ತಿಳಿಯದೆ ಹಾಗೇ ನಿಂತಿದ್ದೆ.

ಜೆಲಸಿ ಎಂಬ ಇಂಗ್ಲಿಷ್ ಪದ ನನಗೆ ಸ್ವಲ್ಪ ತೆಳುವಾಗಿ ಕೇಳಿಸುತ್ತದೆ. ಹೊಟ್ಟೆಕಿಚ್ಚು ಅನ್ನಿ, ಎಲ್ಲಿ ಉರಿಯುತ್ತದೆ ಎಂಬುದೂ ಗೊತ್ತಾಗುತ್ತದೆ.

ಆ ಚಳಿಗಾಲದಲ್ಲಿ ಪ್ರಿನ್ಸಿಪಾಲರಿಗೆ ಒಂದು ಆಲೋಚನೆ ಹೊಳೆಯಿತು. ಬರೀ ಬಣ್ಣದ ಹೆಸರಿನಿಂದ ಮಕ್ಕಳಲ್ಲಿ ಸ್ಪಿರಿಟ್ ಬರುವುದಿಲ್ಲ, ಹೌಸುಗಳಿಗೆ ಜಗತ್ತಿನ ವೀರ ಜನಾಂಗಗಳ ಹೆಸರಿಡೋಣ ಎಂದರು. ಕೆಂಪಿಗೆ ಸ್ಪಾರ್ಟನ್ಸ್, ನೀಲಿಗೆ ವೈಕಿಂಗ್ಸ್, ಹಸಿರಿಗೆ ಝುಲೂಸ್, ನನ್ನ ಹಳದಿಗೆ ಮಂಗೋಲ್ಸ್. ಮೀಟಿಂಗಿನಲ್ಲಿ ಅರೇಬಿಕ್ ಕಲಿಸುವ ಈಜಿಪ್ಟಿನ ವಯಸ್ಸಾದ ಮಾಸ್ತರರು ಮಾತ್ರ ಕೈ ಎತ್ತಿದರು. ಮಂಗೋಲರು ಬಾಗ್ದಾದನ್ನು ಸುಟ್ಟ ಕಥೆಯನ್ನು ಇಲ್ಲಿನ ಮಕ್ಕಳು ಅಜ್ಜಿಯರಿಂದ ಕೇಳುತ್ತಾರೆ, ನನ್ನ ಪೀರಿಯಡ್‌ನಲ್ಲಿ ಆ ಹೆಸರನ್ನು ನಾನು ಕೂಗಲಾರೆ ಎಂದು ಮೆಲ್ಲಗೆ ಹೇಳಿದರು. ಎರಡು ವರ್ಷದ ಹಿಂದಷ್ಟೇ ಈ ಊರಿನ ತುಂಬ ಟ್ಯಾಂಕುಗಳನ್ನು ಕಂಡ ನಾವು ಯಾರೂ ಇಡೀ ಪಟ್ಟಿಯ ಬಗ್ಗೆ ಚಕಾರ ಎತ್ತಲಿಲ್ಲ. ಸ್ಪಾರ್ಟಾದವರಾಗಲಿ ಝುಲೂಗಳಾಗಲಿ ಆ ರೂಮಿನಲ್ಲಿ ಇರಲಿಲ್ಲವಲ್ಲ, ಬೇಡ ಅನ್ನಲು.

ಮಂಗೋಲ್ಸ್ ಹೋಯಿತು. ಖಾಲಿಯಾದ ಜಾಗ ನೋಡುತ್ತ ಪ್ರಿನ್ಸಿಪಾಲರ ಕಣ್ಣು ಪಿ.ಟಿ. ಮಿಸ್ ಮೇಲೆ ನಿಂತಿತು. ಅಷ್ಟು ದೂರ ಯಾಕೆ, ನಮ್ಮ ನಡುವೆಯೇ ಒಂದು ವೀರ ಜನಾಂಗ ಇದೆಯಲ್ಲ ಎಂದು ಟೇಬಲ್ ತಟ್ಟಿದರು. ಹಳದಿ ಹೌಸು ಇನ್ನು ಮುಂದೆ ‘ಕೂರ್ಗ್ಸ್’. ಮಿಸ್ ತಮ್ಮ ಕಡೆಯ ಸೀರೆ ಉಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿ ಓತ್ ಹೇಳಿಸಬೇಕು, ಹೌಸಿಗೂ ಅವರೇ ಮಿಸ್ಟ್ರೆಸ್ ಆಗಲಿ. ಇಷ್ಟು ವರ್ಷ ನೋಡಿಕೊಂಡದ್ದಕ್ಕೆ ನನಗೆ ಥ್ಯಾಂಕ್ಸ್.

ಎಲ್ಲರೂ ಚಪ್ಪಾಳೆ ತಟ್ಟಿದರು. ಪಿ.ಟಿ. ಮಿಸ್ ಏನೋ ಹೇಳಲು ಎದ್ದರು, ಬೆಲ್ ಹೊಡೆಯಿತು.

ಆ ದಿನ ಶಾಲೆಯ ಬಸ್ಸಿನಲ್ಲಿ ಮಗಳು ಕುಣಿಯುತ್ತಿದ್ದಳು. ಅವಳ ಹೌಸಿಗೆ ಅವಳ ಮಿಸ್. ನಾನು ಕಿಟಕಿಯ ಹೊರಗೆ ನೋಡುತ್ತ ನಮ್ಮವರ ಬಗ್ಗೆ ಯೋಚಿಸಿದೆ. ನನ್ನ ಅಜ್ಜ ಬೇಕರಿ ಇಟ್ಟಿದ್ದರು. ದೊಡ್ಡಪ್ಪ ಹಂಚಿನ ಕಾರ್ಖಾನೆಯಲ್ಲಿ ರೈಟರು. ಅತ್ತೆಯಂದಿರು ನರ್ಸಿಂಗ್, ಟೈಪಿಂಗ್. ನೆನಪಿಗೆ ಬಂದ ಮಟ್ಟಿಗೆ ಯಾರೂ ಯಾರ ಮೇಲೂ ದಂಡೆತ್ತಿ ಹೋದವರಲ್ಲ. ನಮ್ಮವರ ಹೆಸರನ್ನು ಹೌಸಿಗೆ ಇಟ್ಟರೆ ಎದುರಿನವರು ಹೆದರುವುದಿರಲಿ, ಚಹಾಕ್ಕೆ ಬಿಸ್ಕತ್ತು ಕೇಳಿಯಾರು. ಒಬ್ಬಳಿಗೆ ಎತ್ತರ, ಸೀಟಿ, ನನ್ನ ಮಗಳು, ಇವೆಲ್ಲ ಸಾಲದೆಂದು ಬ್ಯಾನರಿನ ಮೇಲೆ ಬರೆಯುವಂಥ ಜನವೂ ಇರಬೇಕೇ?

ಮೂರು ದಿನ ಬಿಟ್ಟು ಮಧ್ಯಾಹ್ನ ಪಿ.ಟಿ. ಮಿಸ್ ನಮ್ಮ ಮನೆಗೆ ಬಂದರು. ಮಗಳು ಟ್ಯೂಷನ್‌ಗೆ ಹೋಗಿದ್ದಳು. ಅವರ ಕೈಯಲ್ಲಿ ಕ್ರಾಫ್ಟ್ ಟೀಚರ್ ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿ ಮಾಡಿಕೊಟ್ಟಿದ್ದ ಕತ್ತಿ. ಅದನ್ನು ಊಟದ ಮೇಜಿನ ಮೇಲಿಟ್ಟು ಕೂತರು.

“ಮಿಸ್, ನಾವು ಕೊಡಗಿನವರೇ. ಆದ್ರೆ ಇದನ್ನ ಸಿಕ್ಕಿಸ್ಕೊಳ್ಳೋ ಜನ ಅಲ್ಲ. ಅವರ ಮದುವೆಗೆ, ಹಬ್ಬಕ್ಕೆ ವಾಲಗ ಮಾಡೋದು ನಮ್ಮ ಮನೆಯವರು. ನನ್ನಪ್ಪ ಡೋಲಿನವರು.”

ಅವರು ರಟ್ಟಿನ ಕತ್ತಿಯನ್ನು ನನ್ನ ಕಡೆಗೆ ಸರಿಸಿದರು.

“ಒಂದು ಜನದ ಹೆಸರು ಬರೆದು ಪಕ್ಕದಲ್ಲಿ ಕತ್ತಿ ಬರೀತಾರೆ. ಅದ್ರಲ್ಲಿ ನನ್ನಪ್ಪ ಎಲ್ಲಿ ನಿಂತ್ಕೊಳ್ಳೋದು ಮಿಸ್?”

ಹೆಸರೂ ಬೇಡ, ಹೌಸೂ ಬೇಡ ಎಂದು ಪ್ರಿನ್ಸಿಪಾಲರಿಗೆ ಒಂದು ಲೆಟರ್ ಬರೆದುಕೊಡಿ ಎಂದು ಕೇಳಿಕೊಂಡರು. ಕಾರಣ ಮಾತ್ರ ಬರೆಯಬೇಡಿ, ಇಲ್ಲಿ ಎಲ್ಲರೂ ಊರಿನವರೇ, ಒಮ್ಮೆ ಬಾಯಿಗೆ ಬಿದ್ದರೆ ಮುಗಿಯಿತು ಎಂದರು. ಕೊಡಗು ಬಿಟ್ಟು ಇಷ್ಟು ದೂರ ಬಂದದ್ದೇ ಯಾರ ಅಂಗಳದಲ್ಲೂ ಹೊರಗೆ ನಿಲ್ಲದೆ ಬದುಕಬೇಕೆಂದು, ಅದನ್ನೂ ಹೇಳಿದರು. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಆ ಹೊತ್ತಿನಲ್ಲಿ ನನಗೆ ಕನಿಕರ ಹುಟ್ಟಬೇಕಿತ್ತು. ಹುಟ್ಟಿದ್ದು ಸಂತೋಷ. ಎಷ್ಟೋ ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಜಾರಿ ಇಳಿದ ಹಾಗೆ. ಅವರಿಗೂ ಆ ದೊಡ್ಡ ಹೆಸರು ಇಲ್ಲ!

ಪ್ಯಾಡ್ ತೆಗೆದುಕೊಂಡು ಬರೆಯಲು ಕೂತೆ. ಬಹಳ ಚೆನ್ನಾಗಿ ಬರೆದೆ. ಅಂಥ ಲೆಟರನ್ನು ಆಮೇಲೆ ನಾನು ಬರೆದಿಲ್ಲ. ತಾವು ಗೌರವಿಸಲು ಇಚ್ಛಿಸಿರುವ ಜನಾಂಗಕ್ಕೆ ನಾನು ಹುಟ್ಟಿನಿಂದ ಸೇರಿದವಳಲ್ಲ, ನನ್ನ ತಂದೆ ಅವರ ಸಮಾರಂಭಗಳಲ್ಲಿ ಡೋಲು ಬಾರಿಸುವವರು, ಆದ್ದರಿಂದ ಈ ಗೌರವ ಸ್ವೀಕರಿಸುವುದು ನನ್ನ ಆತ್ಮಸಾಕ್ಷಿಗೆ ಒಪ್ಪದು... ಒಂದು ಕಾಮಾ ಕೂಡ ತಪ್ಪಲಿಲ್ಲ. ಅವರು ನಿಧಾನವಾಗಿ ಓದಿದರು. ಆ ಸಾಲಿನ ಕೆಳಗೆ ಬೆರಳಿಟ್ಟು ನಿಲ್ಲಿಸಿದರು.

“ಇದು ಬೇಕೇ ಬೇಕಾ ಮಿಸ್?”

“ರೀಸನ್ ಇಲ್ಲದೆ ರೆಫ್ಯೂಸ್ ಮಾಡಿದ್ರೆ ರೂಡ್ ಆಗುತ್ತೆ. ಕರೆಕ್ಟ್ ಫಾರ್ಮ್ ಇದೇ.”

ಸಿಸ್ಟರ್ ಹಾಗೆ ಕಲಿಸಿದ್ದು ನಿಜ. ನಿರಾಕರಣೆಯ ಪತ್ರಕ್ಕೆ ಕಾರಣ ಇರಬೇಕು. ಆದರೆ ಮೊಣಕಾಲು ನೋವು, ಕೆಲಸದ ಹೊರೆ, ಗಂಡನ ಒಪ್ಪಿಗೆ ಇಲ್ಲ, ಹೀಗೆ ಹತ್ತು ಕಾರಣ ಬರೆಯಬಹುದಿತ್ತು. ಕಫೀಲರಿಗೆ ಬೇರೆಯವರ ಪರವಾಗಿ ನಾನು ಎಷ್ಟು ಬರೆದಿಲ್ಲ. ಅವರು ನನ್ನ ಮುಖವನ್ನೊಮ್ಮೆ ನೋಡಿ ಸಹಿ ಹಾಕಿದರು. ಕಾನ್ವೆಂಟಿನಲ್ಲಿ ಓದಿದವಳಿಗೆ ತಮಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂದು ನಂಬಿದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಲೆಟರಿನ ಪ್ರಾಮಾಣಿಕತೆ ಮೆಚ್ಚಿ, ಅದನ್ನು ಸ್ಟಾಫ್ ಮೀಟಿಂಗಿನಲ್ಲಿ ಗಟ್ಟಿಯಾಗಿ ಓದಿದರು. ಹೆಸರು ಮಾತ್ರ ತೆಗೆಯಲಿಲ್ಲ. ಬ್ಯಾನರಿಗೆ ಬಣ್ಣ ಬಳಿದಾಗಿತ್ತು, ಎರಡು ಕತ್ತಿಗಳನ್ನು ಅಡ್ಡ ಬರೆದಾಗಿತ್ತು. ಹೌಸನ್ನು ವಾಪಸು ನನಗೆ ಕೊಟ್ಟರು. ಮ್ಯೂಸಿಕ್ ಸರ್ ರಜೆಯ ಮೇಲೆ ಊರಿಗೆ ಹೋಗಿದ್ದಾರೆ, ಮಾರ್ಚ್ ಪಾಸ್ಟಿಗೆ ಡ್ರಮ್ ಯಾರು ಬಾರಿಸುತ್ತಾರೆ ಎಂದು ಅದೇ ಮೀಟಿಂಗಿನಲ್ಲಿ ಮಾತು ಬಂದಾಗ, ನಮ್ಮ ಕಡೆಯವರೇ ಆದ ಮ್ಯಾಥ್ಸ್ ಸರ್ ಕುರ್ಚಿಗೆ ಒರಗಿಕೊಂಡು, “ಇನ್ಯಾರು ಮಾರಾಯ್ರೆ, ಮಿಸ್ಸೇ ಇದ್ದಾರಲ್ಲ. ಮನೆತನದ ಕಸುಬು” ಎಂದರು. ನಗು ಎದ್ದಿತು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿಯಲ್ಲ, ಅಷ್ಟೇ.

ಸಂಜೆ ಮೆಟ್ಟಿಲಲ್ಲಿ ಪಿ.ಟಿ. ಮಿಸ್ ಎದುರಾದರು. “ನಿಮ್ಮ ಇಂಗ್ಲಿಷ್ ಚೆನ್ನಾಗಿತ್ತು ಮಿಸ್. ಒಂದೇ ಸಲಕ್ಕೆ ಎಲ್ಲರಿಗೂ ಅರ್ಥ ಆಯ್ತು” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಸ್ಪೋರ್ಟ್ಸ್ ಡೇ ದಿನ ಅವರು ನಿಜಕ್ಕೂ ಡ್ರಮ್ ಕೊರಳಿಗೆ ಹಾಕಿಕೊಂಡು ಬಂದರು. ಬಿಳಿ ಬಟ್ಟೆ, ಬಿಳಿ ಶೂ. ಸ್ಪಾರ್ಟನ್ಸ್, ವೈಕಿಂಗ್ಸ್, ಝುಲೂಸ್ ಲೆಫ್ಟ್ ರೈಟ್ ಹಾಕಿ ದಾಟಿಹೋದರು. ಆಮೇಲೆ ನನ್ನ ಸರದಿ. ರೇಷ್ಮೆ ಸೀರೆ ಉಟ್ಟು, ಕತ್ತಿಗಳಿದ್ದ ಬ್ಯಾನರಿನ ಮುಂದೆ, ಬೇಕರಿಯವರ ಮೊಮ್ಮಗಳು ನಾನು ಕೊಡಗಿನ ವೀರರನ್ನು ಮುನ್ನಡೆಸುತ್ತ ಹೊರಟೆ. ಅರ್ಧ ಗ್ರೌಂಡ್ ದಾಟುವಾಗ ಡ್ರಮ್ಮಿನ ಪೆಟ್ಟು ಬದಲಾಯಿತು. ಬೇಕೆಂದೇ ಮಾಡಿದರೋ, ಕೈ ತಾನಾಗಿ ಆ ಕಡೆ ಹೋಯಿತೋ, ನನಗೆ ಈಗಲೂ ಗೊತ್ತಿಲ್ಲ. ಅದು ಮಾರ್ಚಿನ ಪೆಟ್ಟಾಗಿರಲಿಲ್ಲ, ವಾಲಗದ ಪೆಟ್ಟು. ಹೆಗಲನ್ನೂ ಸೊಂಟವನ್ನೂ ಸುಮ್ಮನಿರಗೊಡದ ಪೆಟ್ಟು. ನಾನು ಲೆಫ್ಟ್ ರೈಟ್ ಎನ್ನುತ್ತ ನೇರ ನಡೆಯುತ್ತಲೇ ಇದ್ದೆ. ಜನ ನಗುವುದು ಕೇಳಿ ತಿರುಗಿ ನೋಡಿದರೆ ನನ್ನ ಹಿಂದೆ ಯಾರೂ ಮಾರ್ಚ್ ಮಾಡುತ್ತಿರಲಿಲ್ಲ. ಬ್ಯಾನರು ವಾಲಿತ್ತು, ಸಾಲು ಚದುರಿತ್ತು, ಇಡೀ ಹಳದಿ ಹೌಸು ಕೈ ಮೇಲೆತ್ತಿ ಕುಣಿಯುತ್ತಿತ್ತು. ಎಲ್ಲರ ಮುಂದೆ ನನ್ನ ಮಗಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ಪ್ರಿನ್ಸಿಪಾಲರು ಎದ್ದು ನಿಂತ ಕೂಡಲೆ ಪೆಟ್ಟು ಮತ್ತೆ ನೇರವಾಯಿತು. ಎಲ್ಲ ಸೇರಿ ಒಂದು ನಿಮಿಷವೂ ಇರಲಿಕ್ಕಿಲ್ಲ. ಅವಮಾನ ಮಾಡಲೆಂದು ಕೊಟ್ಟ ವಸ್ತುವೂ ಅವರ ಕೈಗೆ ಒಪ್ಪಿತು. ನಾನು ಏನೆಲ್ಲ ಮಾಡಿದರೂ ಅವರ ಹತ್ತಿರ ಇನ್ನೊಂದು ಏನೋ ಉಳಿದೇ ಇರುತ್ತಿತ್ತು...

ಆದರೆ ಹೆಸರು ಅಂಟಿತು. ಮೊದಲು ಸ್ಟಾಫ್ ರೂಮಿನಲ್ಲಿ, ಆಮೇಲೆ ದೊಡ್ಡ ಕ್ಲಾಸಿನ ಮಕ್ಕಳ ಬಾಯಲ್ಲಿ ಅವರು ಡ್ರಮ್ಮರ್ ಮಿಸ್ ಆದರು. ಊರಿನವರ ಒಂದೆರಡು ಮನೆಗಳಲ್ಲಿ ಅವರಿಗೆ ಕುರ್ಚಿ ಹಾಕುವಾಗ ಕೈ ತಡೆಯುವುದನ್ನು ನಾನೇ ಕಂಡೆ. ವರ್ಷದ ಕೊನೆಗೆ ರಾಜೀನಾಮೆ ಕೊಟ್ಟರು. ಆ ಲೆಟರನ್ನು ಅವರೇ ಬರೆದರು. ದೂರದ ಮೀನಾ ಅಬ್ದುಲ್ಲಾ ಎಂಬಲ್ಲಿನ ರಿಫೈನರಿಯಲ್ಲಿ ಗಂಡನಿಗೆ ಕೆಲಸ ಸಿಕ್ಕಿ ಆ ಕಡೆಗೇ ಮನೆ ಬದಲಾಯಿಸಿದರು. ಸಾಮಾನಿನ ಗಾಡಿ ಹೊರಟಾಗ ಮಗಳು ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದಳು. ನಾನು ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟೆ. ಅವಳು ಕೈಯನ್ನು ತೆಗೆಯಲಿಲ್ಲ; ಅದು ಅಲ್ಲಿರುವುದು ಅವಳಿಗೆ ಗೊತ್ತೇ ಆಗಲಿಲ್ಲ ಅನಿಸುತ್ತದೆ.

ಇದೆಲ್ಲ ನೆನಪಾಗಿ, ಜೆರ್ಸಿ ಮಡಚುತ್ತಿದ್ದ ಮಗಳನ್ನು ಮೊನ್ನೆ ಕೇಳಿದೆ, ನಿನಗೆ ಪಿ.ಟಿ. ಮಿಸ್ ನೆನಪಿದ್ದಾರಾ ಎಂದು. ಅವಳ ಕೈ ನಿಂತಿತು.

“ಅವರು ತೀರಿಹೋಗಿ ಎರಡು ವರ್ಷ ಆಯ್ತು ಮಮ್ಮಾ.”

ಇವಳ ಮದುವೆಯ ಸುಮಾರಿಗೆ ಯಾರಿಂದಲೋ ನಂಬರು ಸಿಕ್ಕಿತ್ತಂತೆ. ಆಗಿನಿಂದ ಫೋನು, ಆಮೇಲೆ ವಾಟ್ಸ್ಯಾಪು. ಇಷ್ಟು ವರ್ಷ! ನನಗೆ ಯಾಕೆ ಹೇಳಲಿಲ್ಲ ಎಂದರೆ, “ಅವರ ಮಾತು ಬಂದಾಗೆಲ್ಲ ನೀನು ಎದ್ದು ಹೋಗ್ತಿದ್ದೆ” ಎಂದಳು. ಸುದ್ದಿ ಬಂದ ದಿನ ಇವಳು ಇದೇ ಮನೆಯಲ್ಲಿ, ಬಾತ್‌ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಳಂತೆ. ಗೋಡೆಯ ಈಚೆ ನಾನು ರೋಜರಿ ಹಿಡಿದು ಕೂತಿದ್ದೆನೇನೋ. ನಾನು ಸತ್ತಾಗಲೂ ಇವಳು ಹಾಗೆ ಅಳುತ್ತಾಳೆಯೇ... ಛೆ, ಸತ್ತವರ ಮೇಲೂ ಇದೇ ಲೆಕ್ಕ ನನ್ನದು.

ಇವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬಾರದು. ಅದಕ್ಕೆ ಅವರು ಬರೆಯದೆ ದನಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರಂತೆ. ಒಂದನ್ನು ಹಾಕಿ ಕೇಳಿಸಿದಳು. ದನಿಗೆ ವಯಸ್ಸಾಗಿತ್ತು. “ಕುಂಞಿ, ಮಗಳು ಆಡ್ತಾಳಾ? ಬಿಡಬೇಡ, ಆಡಿಸು. ಅಮ್ಮ ಹೇಗಿದ್ದಾರೆ?” ಪ್ರತಿ ಸಲವೂ ನನ್ನನ್ನು ಕೇಳುತ್ತಿದ್ದರಂತೆ.

ಶಾಲೆ ಯಾಕೆ ಬಿಟ್ಟರೆಂದು ಯಾವತ್ತಾದರೂ ಹೇಳಿದ್ದರಾ ಎಂದು ವಿಚಾರಿಸಿದೆ. ಅಂಕಲ್‌ಗೆ ರಿಫೈನರಿ ಕೆಲಸ ಸಿಕ್ಕಿ ದೂರ ಆಯಿತು ಎಂದಿದ್ದರಂತೆ. ಅಷ್ಟೇನಾ ಎಂದೆ. ಅಷ್ಟೇ, ಇನ್ನೇನು ಇರುತ್ತೆ ಎಂದು ನನ್ನ ಮುಖ ನೋಡಿದಳು. ಮೂವತ್ತು ವರ್ಷ ನನ್ನನ್ನು ನನ್ನ ಮಗಳ ಮುಂದೆ ಕಾಪಾಡಿದವರು ಅವರು. ಬೇಕಿದ್ದರೆ ಒಂದೇ ಮಾತಿನಲ್ಲಿ ಇವಳನ್ನು ನನ್ನಿಂದ ಪೂರ್ತಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚು. ಅವರ ಜಾಗದಲ್ಲಿ ನಾನಿದ್ದರೆ ಸುಮ್ಮನಿರುತ್ತಿರಲಿಲ್ಲ.

ಗ್ರೂಪಿನ ಜಗಳ ಇನ್ನೂ ಮುಗಿದಿಲ್ಲ. ನಿನ್ನ ಅಭಿಪ್ರಾಯ ಏನು ಮಮ್ಮಾ ಎಂದು ಮಗಳು ಕೇಳಿದಳು. ಆ ಮುಖ ತೆಗೆಸಿಬಿಡು, ಆ ಜನರಲ್ಲೂ ಡೋಲಿನವರು, ರೊಟ್ಟಿ ಸುಡುವವರು ಇದ್ದಾರು ಎಂದೆ. ಅವಳು ನಕ್ಕು, ಇದು ಒಳ್ಳೆಯ ಪಾಯಿಂಟ್ ಎಂದು ಫೋನಿನಲ್ಲಿ ಟೈಪ್ ಮಾಡಿದಳು. ಅದು ಯಾರ ಮಾತೆಂದು ನಾನು ಹೇಳಲಿಲ್ಲ. ಲೆಟರಿನ ವಿಷಯವನ್ನೂ ಹೇಳಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಅವಳು ಅಷ್ಟರಲ್ಲಿ ಎದ್ದು ಅಡುಗೆಮನೆಗೆ ಹೋದಳು, ನಾನು ಕರೆಯಲಿಲ್ಲ.

ಇಂಗ್ಲಿಷ್ ನನ್ನ ಕೈಗೆ ಚೆನ್ನಾಗಿ ಬರುವ ಭಾಷೆ. ಆದರೂ ಇದನ್ನು ಕನ್ನಡದಲ್ಲಿ ಬರೆದೆ. ಯಾಕೆಂದರೆ ನನ್ನ ಮಗಳಿಗೆ ಇದನ್ನು ಓದಲು ಬರುವುದಿಲ್ಲ... ಯಾರಾದರೂ ಅವಳಿಗೆ ಓದಿ ಹೇಳಿದರೆ, ಹೇಳಲಿ.